ಚೆಸ್ ಪೈ, ಬಿಸ್ಕಿಟ್, ಕ್ಯಾರಮೆಲ್ ಕೇಕ್: ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ರೆಸಿಪಿ ಕಾರ್ಡ್ ಓದೋದು ಹೇಗೆ?

ರೆಸಿಪಿ ಡಬ್ಬಿ:
ಜಾರ್ಜಿಯಾ, ಅಲಬಾಮಾ ಕಡೆಯ ಮನೆಗಳ ಕೈಬರಹದ ಕಾರ್ಡ್‌ಗಳ ನಕಲು ಸಿಕ್ಕಿದೆ. ಚೆಸ್ ಪೈ (ಹಿಟ್ಟಿನ ಹಾಳೆಯೊಳಗೆ ಸಕ್ಕರೆ, ಬೆಣ್ಣೆ, ಮೊಟ್ಟೆಯ ಹೂರಣ ಸುರಿದು ಬೇಯಿಸೋದು) ಕಾರ್ಡಿನಲ್ಲಿ ಇರೋದು ಇಷ್ಟೇ: ಎರಡು ಕಪ್ ಸಕ್ಕರೆ, ಒಂದು ಸ್ಟಿಕ್ ಓಲಿಯೊ, ನಾಲ್ಕು ಮೊಟ್ಟೆ, ಎರಡು ಚಮಚ ಮೀಲ್, ಒಂದು ಚಮಚ ವಿನೆಗರ್, ಕಾಲು ಕಪ್ ಸ್ವೀಟ್ ಮಿಲ್ಕ್, ಮಾಡರೇಟ್ ಓವನ್. ಸಮಯ ಇಲ್ಲ, ವಿಧಾನ ಇಲ್ಲ.

ಬೆಂಗಳೂರು, ಓಟಿಜಿ (ಮೇಜಿನ ಮೇಲಿಡೋ ಸಣ್ಣ ಕರೆಂಟ್ ಓವನ್). ಹಾಕಿದ್ದು: ಅಂಗಡಿ ಸಕ್ಕರೆ, ಉಪ್ಪಿನ ಬೆಣ್ಣೆ, ಮೀಲ್ ಜಾಗದಲ್ಲಿ ಕಾರ್ನ್‌ಫ್ಲೋರ್, ಸ್ವೀಟ್ ಮಿಲ್ಕ್ ಅಂದರೆ ಮಿಲ್ಕ್‌ಮೇಡ್ ಇರಬೇಕು ಅಂತ ಅದನ್ನೇ. 35 ನಿಮಿಷ ಬೇಯಿಸಿದ ಮೇಲೆ ನಡುಭಾಗ ನೀರುನೀರು, ಅಡಿಯಲ್ಲಿ ಪಾಕ ನಿಂತಿತ್ತು. ಇನ್ನೆರಡು ಕಾರ್ಡಿನದೂ ಇದೇ ಹಣೆಬರಹ: ಬಟರ್‌ಮಿಲ್ಕ್ ಬಿಸ್ಕಿಟ್ ಕಲ್ಲು, ಕ್ಯಾರಮೆಲ್ ಐಸಿಂಗ್ ಮರಳು. ತಪ್ಪಿದ್ದೆಲ್ಲಿ?

ಒಲೆಮುಂದೆ:
ತಪ್ಪಿದ್ದು ಕೈ ಅಲ್ಲ, ಅನುವಾದ. ಆ ಕಾರ್ಡ್‌ಗಳನ್ನು ಬರೆದವರು ಪಕ್ಕದ ಮನೆಯವರಿಗೆ ಬರೆದದ್ದು. ಹಿಟ್ಟು ಯಾವುದು, ಹಾಲು ಯಾವುದು ಅನ್ನೋದು ಇಬ್ಬರಿಗೂ ಗೊತ್ತಿರೋದರಿಂದ ಬರೆಯೋ ಗೋಜಿಗೆ ಹೋಗಿಲ್ಲ. ಮೊದಲು ಪದಗಳನ್ನು ಬಿಡಿಸಿಕೊಳ್ಳಿ.

ಸ್ವೀಟ್ ಮಿಲ್ಕ್ ಅಂದರೆ ಹುಳಿಯಾಗದ ಮಾಮೂಲಿ ಹಾಲು. ಬಟರ್‌ಮಿಲ್ಕ್ ಅಲ್ಲ ಅಂತ ಹೇಳೋಕೆ 'ಸ್ವೀಟ್'. ಸಕ್ಕರೆಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಪೈ ಕೆಟ್ಟಿದ್ದರಲ್ಲಿ ದೊಡ್ಡ ಪಾಲು ಇದರದ್ದೇ. ಸಕ್ಕರೆ ಹೆಚ್ಚಾದಷ್ಟೂ ಮೊಟ್ಟೆ ಗಟ್ಟಿಯಾಗೋಕೆ ಹೆಚ್ಚು ಶಾಖ ಬೇಕು. ಮೊದಲೇ 400 ಗ್ರಾಂ ಸಕ್ಕರೆ ಇರೋ ಪೈಗೆ ಮಿಲ್ಕ್‌ಮೇಡ್ ಸೇರಿಸಿದರೆ 35 ನಿಮಿಷಕ್ಕೆ ಎಲ್ಲಿಂದ ಕಟ್ಟುತ್ತೆ?

ಮೀಲ್ ಅಂದರೆ ಕಾರ್ನ್‌ಮೀಲ್, ಮೆಕ್ಕೆಜೋಳದ ಸಣ್ಣ ರವೆ. ನಮ್ಮ ಅಂಗಡಿಯ 'ಕಾರ್ನ್‌ಫ್ಲೋರ್' ಬರೀ ಪಿಷ್ಟ, ಅದು ಬೇರೆ. ಓಲಿಯೊ ಅಂದರೆ ಮಾರ್ಗರಿನ್, ಬೆಣ್ಣೆ ಹಾಕಬಹುದು, ಹಾಕಿದರೆ ಇನ್ನೂ ರುಚಿ. ಒಂದು ಸ್ಟಿಕ್ = 113 ಗ್ರಾಂ = ಅರ್ಧ ಕಪ್.

ಉಳಿದ ಕಾರ್ಡ್‌ಗಳಲ್ಲಿ ಸಿಗಬಹುದಾದವು: 'ಮೊಟ್ಟೆ ಗಾತ್ರದ ಬೆಣ್ಣೆ' ಸುಮಾರು 55 ಗ್ರಾಂ. ಟೀಕಪ್ ಅಂದರೆ ಮುಕ್ಕಾಲು ಕಪ್, 180 ಮಿಲಿ. ಗಿಲ್ ಅಂದರೆ 120 ಮಿಲಿ. ಸ್ಯಾಲರೇಟಸ್ ಅಂದರೆ ಅಡುಗೆ ಸೋಡಾ. ಕ್ಲಾಬರ್ ಅಂದರೆ ಹಸಿಹಾಲು ತಾನಾಗಿಯೇ ಹುಳಿತು ಹೆಪ್ಪಾದದ್ದು. ಆ ಜಾಗಕ್ಕೆ ನಮ್ಮ ಮೊಸರು ಧಾರಾಳವಾಗಿ ಸಾಕು. ಸ್ಲೋ ಓವನ್ 150 ಡಿಗ್ರಿ ಸೆಲ್ಸಿಯಸ್, ಮಾಡರೇಟ್ 175, ಹಾಟ್ ಅಥವಾ ಕ್ವಿಕ್ ಅಂದರೆ 200ರಿಂದ 220.

ಜಾಯಿಕಾಯಿ:
ಮೇಲಿನವರು ಹೇಳಿದ್ದು ಸರಿ. ಚೆಸ್ ಪೈ ಪೂರ್ತಿ ಲೆಕ್ಕ ನಾನು ಕೊಡ್ತೀನಿ, 9 ಇಂಚಿನ ತಟ್ಟೆಗೆ:

ಸಕ್ಕರೆ 400 ಗ್ರಾಂ, ಮೆಕ್ಕೆಜೋಳದ ಸಣ್ಣ ರವೆ 2 ಟೇಬಲ್ ಚಮಚ, ಮೈದಾ 1 ಟೇಬಲ್ ಚಮಚ, ಉಪ್ಪು ಕಾಲು ಟೀ ಚಮಚ (ಉಪ್ಪಿನ ಬೆಣ್ಣೆಯಾದರೆ ಬೇಡ), ಕರಗಿಸಿ ಆರಿಸಿದ ಬೆಣ್ಣೆ 113 ಗ್ರಾಂ, ಹಾಲು 60 ಮಿಲಿ, ಬಿಳಿ ವಿನೆಗರ್ 1 ಟೇಬಲ್ ಚಮಚ, ವೆನಿಲಾ 1 ಟೀ ಚಮಚ, ಮೊಟ್ಟೆ 4. ಅಲ್ಲಿನ 'ಲಾರ್ಜ್' ಮೊಟ್ಟೆ ಸಿಪ್ಪೆ ತೆಗೆದ ಮೇಲೆ 50 ಗ್ರಾಂ. ನಮ್ಮಲ್ಲಿ ಎಷ್ಟೋ ಸಲ 42–45 ಗ್ರಾಂ ಇರುತ್ತೆ. ಒಡೆದು ತೂಗಿ, 200 ಗ್ರಾಂ ಆಗೋ ತನಕ ಹಾಕಿ. ಈ ಪೈಯನ್ನು ಹಿಡಿದು ನಿಲ್ಲಿಸೋದೇ ಮೊಟ್ಟೆ, ಅದರಲ್ಲಿ ಜಿಪುಣತನ ಮಾಡಿದರೆ ಕಟ್ಟಲ್ಲ.

ಅಡಿಯಲ್ಲಿ ಪಾಕ ನಿಂತಿದ್ದು ಸಕ್ಕರೆ ಕರಗದೆ ತಳಕ್ಕಿಳಿದು ಓವನ್‌ನಲ್ಲಿ ಕರಗಿದ್ದರಿಂದ. ನಮ್ಮ ಸಕ್ಕರೆ ಹರಳು ಅಮೆರಿಕದ್ದಕ್ಕಿಂತ ದಪ್ಪ. ತೂಗಿದ ಮೇಲೆ ಮಿಕ್ಸಿಯಲ್ಲಿ ಒಂದೆರಡು ಸಲ ತಿರುಗಿಸಿ ಸಣ್ಣ ರವೆ ಮಾಡಿಕೊಳ್ಳಿ, ಪುಡಿ ಬೇಡ. ಬೆಣ್ಣೆ, ಸಕ್ಕರೆ, ಹಾಲು, ವಿನೆಗರ್ ಕಲಸಿ ಹತ್ತು ನಿಮಿಷ ಬಿಟ್ಟು ಆಮೇಲೆ ಮೊಟ್ಟೆ. ಮೊಟ್ಟೆಯನ್ನು ಬೀಟರ್ ಹಿಡಿದು ನೊರೆ ಬರಿಸಬೇಡಿ, ಫೋರ್ಕ್ ಸಾಕು. ಗಾಳಿ ತುಂಬಿದರೆ ಪೈ ಓವನ್‌ನಲ್ಲಿ ಪೂರಿಯಂತೆ ಉಬ್ಬಿ, ಹೊರಗೆ ಬಂದ ಕೂಡಲೇ ಕುಸಿದು ಸೀಳುತ್ತೆ.

175 ಡಿಗ್ರಿ, 45ರಿಂದ 55 ನಿಮಿಷ. 30ನೇ ನಿಮಿಷಕ್ಕೆ ಮೇಲ್ಭಾಗ ಕೆಂಪಾಗಿದ್ದರೆ ಫಾಯಿಲ್ ಮುಚ್ಚಿ. ಆಗಿದೆಯಾ ಅಂತ ನೋಡೋಕೆ ತಟ್ಟೆಯನ್ನು ಸಣ್ಣಗೆ ಅಲ್ಲಾಡಿಸಿ. ಅಂಚು ಗಟ್ಟಿ ಇರಬೇಕು, ನಡುವಿನ ಮೂರ್ನಾಲ್ಕು ಇಂಚು ಗಿಣ್ಣು ನಡುಗುವ ಹಾಗೆ ನಡುಗಬೇಕು. ಅಲೆ ಎದ್ದರೆ ಇನ್ನೂ ಹತ್ತು ನಿಮಿಷ. ತೆಗೆದ ಮೇಲೆ ಕನಿಷ್ಠ ನಾಲ್ಕು ಗಂಟೆ ಮುಟ್ಟಬೇಡಿ. ಬಿಸಿಯಲ್ಲೇ ಕೊಯ್ದು 'ಬೆಂದಿಲ್ಲ' ಅನ್ನೋರೇ ಜಾಸ್ತಿ.

ಅಡುಗೆ ಸೋಡಾ:
ವಿನೆಗರ್ ಬದಲು ನಿಂಬೆರಸ ಆಗುತ್ತಾ?

ಜಾಯಿಕಾಯಿ:
ಆಗುತ್ತೆ. ಎರಡು ಟೇಬಲ್ ಚಮಚ ರಸ, ಒಂದು ಹಣ್ಣಿನ ತುರಿದ ಸಿಪ್ಪೆ. ಆಗ ಅದು ಲೆಮನ್ ಚೆಸ್ ಪೈ, ಅಲ್ಲಿ ಅದಕ್ಕೂ ಅದರದ್ದೇ ಕಾರ್ಡ್ ಇರುತ್ತೆ. ಹಾಲು, ವಿನೆಗರ್ ಎರಡನ್ನೂ ಬಿಟ್ಟು ಒಂದು ಕಪ್ ಬಟರ್‌ಮಿಲ್ಕ್ ಹಾಕಿ, ಸಕ್ಕರೆ 300 ಗ್ರಾಂಗೆ ಇಳಿಸಿ, ಮೊಟ್ಟೆ ಮೂರು, ರವೆ ಬಿಟ್ಟು ಮೈದಾ 3 ಟೇಬಲ್ ಚಮಚ ಮಾಡಿದರೆ ಬಟರ್‌ಮಿಲ್ಕ್ ಪೈ. ನಮ್ಮ ನಾಲಿಗೆಗೆ ಚೆಸ್ ಪೈಗಿಂತ ಅದೇ ಹಿತ. ಚೆಸ್ ಪೈಯ ಸಿಹಿ ಹಲ್ಲು ಜುಮ್ಮೆನ್ನಿಸುತ್ತೆ, ತೆಳುವಾಗಿ ಕೊಯ್ಯಬೇಕು.

ಮೈದಾಮಾತು:
ಬಿಸ್ಕಿಟ್ ವಿಷಯಕ್ಕೆ ಬರೋಣ. ಹೊಸಬರಿಗೆ: ಅಲ್ಲಿನ ಬಿಸ್ಕಿಟ್ ನಮ್ಮ ಟೀ ಬಿಸ್ಕತ್ತಲ್ಲ. ಪದರ ಪದರವಾದ, ಮೆತ್ತಗಿನ ಸಣ್ಣ ಬನ್ನಿನಂಥದು. ಸಿಹಿ ಇರಲ್ಲ, ಆದರೆ ಸ್ಟ್ರಾಬೆರಿ ಶಾರ್ಟ್‌ಕೇಕಿಗೂ ಹಲವು ಬಗೆಯ ಕಾಬ್ಲರಿನ (ಹಣ್ಣಿನ ಜೊತೆ ಹಿಟ್ಟು ಹಾಕಿ ಬೇಯಿಸೋ ಸಿಹಿ) ಮೇಲುಹೊದಿಕೆಗೂ ಇದೇ ಹಿಟ್ಟು.

ಕಲ್ಲಾಗೋಕೆ ಮೊದಲ ಕಾರಣ ಹಿಟ್ಟು. ದಕ್ಷಿಣದ ಮನೆಗಳು ನೆಚ್ಚಿಕೊಂಡಿದ್ದು ಚಳಿಗಾಲದ ಮೆದು ಗೋಧಿಯ ಹಿಟ್ಟನ್ನು. ವೈಟ್ ಲಿಲಿ ಹೆಸರು ಕೇಳಿರಬಹುದು, 1883ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಶುರುವಾದದ್ದು. ಅದರಲ್ಲಿ ಪ್ರೋಟೀನ್ ಶೇ. 8–9ರ ಆಸುಪಾಸು. ನಮ್ಮ ಮೈದಾ ಸಾಮಾನ್ಯವಾಗಿ ಶೇ. 10–11. ಕೇಳೋಕೆ ಸಣ್ಣ ವ್ಯತ್ಯಾಸ, ಆದರೆ ಬಿಸ್ಕಿಟ್‌ನಲ್ಲಿ ಅದೇ ಎಲ್ಲ. ಜೊತೆಗೆ ಕಾರ್ಡಿನಲ್ಲಿ 'ಫ್ಲೋರ್' ಅಂತಷ್ಟೇ ಇದ್ದು ಬೇಕಿಂಗ್ ಪೌಡರ್ ಎಲ್ಲೂ ಕಾಣದಿದ್ದರೆ ಅದು ಸೆಲ್ಫ್ ರೈಸಿಂಗ್ ಹಿಟ್ಟು, ಪೌಡರ್ ಮತ್ತು ಉಪ್ಪು ಮೊದಲೇ ಬೆರೆತಿರೋದು. ನೀವು ಬರೀ ಮೈದಾ ಹಾಕಿದ್ರಾ?

ರೆಸಿಪಿ ಡಬ್ಬಿ:
ಹೌದು. ಬರೀ ಮೈದಾ. ಬಟರ್‌ಮಿಲ್ಕ್ ಜಾಗಕ್ಕೆ ಕಡೆದ ಮಜ್ಜಿಗೆ.

ಮೈದಾಮಾತು:
ಹಾಗಿದ್ರೆ ಉಬ್ಬೋಕೆ ಅದರಲ್ಲಿ ಏನೂ ಇರಲಿಲ್ಲ. ಸೆಲ್ಫ್ ರೈಸಿಂಗ್ ಮನೆಯಲ್ಲೇ ಮಾಡೋದು, ಪ್ರತಿ ಕಪ್ಪಿಗೆ: ಮೈದಾ 105 ಗ್ರಾಂ, ಕಾರ್ನ್‌ಫ್ಲೋರ್ 15 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಉಪ್ಪು ಕಾಲು ಟೀ ಚಮಚ. ಮೂರು ಸಲ ಜರಡಿ ಹಿಡಿಯಿರಿ. ಈ ಜಾಗದಲ್ಲಿ ಕಾರ್ನ್‌ಫ್ಲೋರೇ ಬೇಕು, ಮೆಕ್ಕೆಜೋಳದ ರವೆ ಅಲ್ಲ. (ಚೆಸ್ ಪೈಯಲ್ಲಿ ತಿರುವುಮುರುವು. ಹೆಸರಿಟ್ಟವರನ್ನು ಬೈಯಬೇಕು.)

ಇಂಥ ಎರಡು ಕಪ್ ಹಿಟ್ಟಿಗೆ ಫ್ರಿಜ್‌ನಿಂದ ಆಗತಾನೆ ತೆಗೆದ ಬೆಣ್ಣೆ 75 ಗ್ರಾಂ. ಬೆರಳ ತುದಿಯಲ್ಲಿ ಉಜ್ಜಿ, ಕಡಲೆಕಾಳಿನಷ್ಟು ತುಂಡುಗಳು ಉಳಿದಿರಬೇಕು. ಆ ತುಂಡು ಕರಗಿ ಬಿಟ್ಟ ಜಾಗವೇ ಪದರ. ಬೇಸಿಗೆಯಲ್ಲಿ ಹಿಟ್ಟನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಬಟರ್‌ಮಿಲ್ಕ್ 180 ಮಿಲಿ ಸುರಿದು ಫೋರ್ಕಿನಿಂದ ಹದಿನೈದು ಸುತ್ತು, ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಮುಗೀತು. ಕೈಗೆ ಅಂಟುವಷ್ಟು ಒದ್ದೆ ಇರೋದೇ ಹದ. ಮಣೆಯ ಮೇಲೆ ಹಿಟ್ಟು ಉದುರಿಸಿ ತಟ್ಟಿ, ಮಡಿಸಿ, ತಟ್ಟಿ, ಹೀಗೆ ಮೂರು ಸಲ. ಮುಕ್ಕಾಲು ಇಂಚು ದಪ್ಪ. ಲೋಟದ ಬಾಯಲ್ಲಿ ಒತ್ತಿ ನೇರ ಎತ್ತಿ. ತಿರುಚಿದರೆ ಅಂಚು ಮುಚ್ಚಿಕೊಂಡು ಒಂದು ಕಡೆಗೆ ವಾಲುತ್ತೆ. ತಟ್ಟೆಯಲ್ಲಿ ಒಂದಕ್ಕೊಂದು ತಾಗಿಸಿ ಜೋಡಿಸಿದರೆ ಮೇಲಕ್ಕೆ ಏಳುತ್ತೆ. 230 ಡಿಗ್ರಿ, 12ರಿಂದ 15 ನಿಮಿಷ. ಓಟಿಜಿ 20 ನಿಮಿಷ ಮೊದಲೇ ಕಾಯಲಿ.

ಅಡುಗೆ ಸೋಡಾ:
ಬಟರ್‌ಮಿಲ್ಕ್‌ಗೆ ಹಾಲಿಗೆ ನಿಂಬೆ ಹಿಂಡಿದರೆ ಆಯ್ತಲ್ವಾ, ಎಲ್ಲ ಕಡೆ ಹಾಗೇ ಹೇಳ್ತಾರೆ.

ಮೈದಾಮಾತು:
ಹುಳಿ ಬರುತ್ತೆ, ಮಂದ ಬರಲ್ಲ. ಅಂಗಡಿಯ ಅಮೆರಿಕನ್ ಬಟರ್‌ಮಿಲ್ಕ್ ಅಂದರೆ ಹೆಪ್ಪು ಹಾಕಿದ ಹಾಲು, ಸುರಿದರೆ ದಪ್ಪಗೆ ಜಾರುತ್ತೆ. ಮಜ್ಜಿಗೆ ತೀರಾ ತೆಳು, ನಿಂಬೆ ಹಿಂಡಿದ ಹಾಲೂ ತೆಳು. ಗಟ್ಟಿ ಮೊಸರು ಮುಕ್ಕಾಲು ಭಾಗ, ನೀರು ಕಾಲು ಭಾಗ ಸೇರಿಸಿ ಕಡೆಯಿರಿ, ಅದೇ ಹತ್ತಿರ. ಮೊಸರು ಎರಡು ದಿನದ್ದಾಗಿ ಹುಳಿ ಜೋರಿದ್ದರೆ ಕಾಲು ಟೀ ಚಮಚ ಸೋಡಾ ಹಿಟ್ಟಿಗೆ ಸೇರಿಸಿ. ಅದಕ್ಕಿಂತ ಜಾಸ್ತಿ ಹಾಕಿದರೆ ಸೋಪಿನ ರುಚಿ.

ಪಾಕಪರೀಕ್ಷೆ:
ಕ್ಯಾರಮೆಲ್ ಕೇಕಿನದು ನನಗೆ ಬಿಡಿ. ಅಲ್ಲಿ ಕೇಕು ಮಾಮೂಲಿ ಹಳದಿ ಕೇಕೇ, ಮರ್ಯಾದೆ ಹೋಗೋದು ಉಳಿಯೋದು ಐಸಿಂಗಿನಲ್ಲಿ. ಅದು ನಿಜವಾಗಿ ಬರ್ಫಿ. ಕೊಬ್ಬರಿ ಮಿಠಾಯಿಗೆ ಪಾಕ ಹಿಡಿಯೋರಿಗೆ ಅರ್ಧ ವಿದ್ಯೆ ಬಂದೇ ಇದೆ.

ಎರಡು ಪದರದ 9 ಇಂಚಿನ ಕೇಕಿಗೆ: ಸಕ್ಕರೆ 600 ಗ್ರಾಂ, ಬೆಣ್ಣೆ 170 ಗ್ರಾಂ, ಇವ್ಯಾಪೊರೇಟೆಡ್ ಮಿಲ್ಕ್ 240 ಮಿಲಿ, ಉಪ್ಪು ಚಿಟಿಕೆ, ವೆನಿಲಾ 2 ಟೀ ಚಮಚ. ಇಲ್ಲೂ ಮಿಲ್ಕ್‌ಮೇಡ್ ಅಲ್ಲ. ಸಿಹಿ ಹಾಕದೆ ಬತ್ತಿಸಿದ ಹಾಲು: ಎರಡೂವರೆ ಕಪ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ ಒಂದು ಕಪ್ಪಿಗೆ ಇಳಿಸಿ ಸೋಸಿ. ಕೆನೆ ಉಳಿದರೆ ಐಸಿಂಗಿನಲ್ಲಿ ಚಿಂದಿ ಕಾಣುತ್ತೆ.

500 ಗ್ರಾಂ ಸಕ್ಕರೆ, ಹಾಲು, ಬೆಣ್ಣೆ, ಉಪ್ಪನ್ನು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಕರಗಲು ಇಡಿ, ಉಕ್ಕುತ್ತೆ ಅಂತ ದೊಡ್ಡದು. ಇನ್ನೊಂದು ಬಾಣಲೆಯಲ್ಲಿ ಉಳಿದ 100 ಗ್ರಾಂ ಒಣ ಸಕ್ಕರೆ ಕರಗಿಸಿ ಜೇನಿನ ಬಣ್ಣ ದಾಟಿ ಹಳೇ ತಾಮ್ರದ ಬಣ್ಣಕ್ಕೆ ತನ್ನಿ. ಕಪ್ಪಾಗೋಕೆ ಹತ್ತು ಸೆಕೆಂಡ್ ಸಾಕು. ಅದನ್ನು ಬಿಸಿ ಹಾಲಿಗೆ ಸಣ್ಣ ಧಾರೆಯಲ್ಲಿ ಸುರಿಯಿರಿ. ಕೈ ದೂರ ಇರಲಿ, ಜೋರಾಗಿ ಸಿಡಿಯುತ್ತೆ. ಗಂಟು ಕಟ್ಟಿದರೆ ಹೆದರಬೇಡಿ, ಕುದಿಯುತ್ತಾ ಕರಗುತ್ತೆ.

ಈಗ ಮುಖ್ಯ ವಿಷಯ. ಕಾರ್ಡಿನಲ್ಲಿ 'ಸಾಫ್ಟ್ ಬಾಲ್' ಅಂತಿರುತ್ತೆ, ಅಂದರೆ ನಮ್ಮ ಉಂಡೆ ಪಾಕ, ತಣ್ಣೀರಿಗೆ ಬಿಟ್ಟರೆ ಬೆರಳಲ್ಲಿ ಉರುಟಾಗಿ, ಎತ್ತಿದರೆ ಚಪ್ಪಟೆಯಾಗೋ ಹದ. ಸಮುದ್ರಮಟ್ಟದಲ್ಲಿ 114 ಡಿಗ್ರಿ ಸೆಲ್ಸಿಯಸ್. ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದೇ ಸುಮಾರು 97ಕ್ಕೆ. ಪಾಕದ ಲೆಕ್ಕವೂ ಅಷ್ಟೇ ಕೆಳಗಿಳಿದು 111 ಆಗುತ್ತೆ. ಥರ್ಮಾಮೀಟರ್ ನೋಡಿ 114ರ ತನಕ ಕಾದರೆ ಹದ ಮೀರಿರುತ್ತೆ, ಬಳಿಯೋ ಮೊದಲೇ ಪುಡಿ. ಮಂಗಳೂರಿನಲ್ಲಿ 114 ಸರಿ. ಮೊದಲು ಕುದಿಯೋ ನೀರಿನಲ್ಲಿ ಥರ್ಮಾಮೀಟರ್ ಅದ್ದಿ, 100ಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕಳೆಯಿರಿ.

ಮರಳಾಗೋದು ಎರಡು ಕಾರಣಕ್ಕೆ. ಪಾತ್ರೆ ಅಂಚಿನಲ್ಲಿ ಉಳಿದ ಒಂದು ಹರಳು ಒಳಗೆ ಬಿದ್ದರೆ ಸಾಕು, ಮಿಕ್ಕದ್ದೆಲ್ಲ ಅದಕ್ಕೆ ಅಂಟಿಕೊಂಡು ದಪ್ಪ ಹರಳಾಗುತ್ತೆ. ಕುದಿ ಶುರುವಾದಾಗ ಎರಡು ನಿಮಿಷ ಮುಚ್ಚಳ ಹಾಕಿ, ಆವಿಯೇ ಅಂಚು ತೊಳೆಯುತ್ತೆ, ಅಥವಾ ಒದ್ದೆ ಬ್ರಷ್ ಆಡಿಸಿ. ಎರಡನೆಯದು, ಕಾವಿರುವಾಗಲೇ ಕದಡೋದು. ಇಳಿಸಿ, ಹದಿನೈದು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ವೆನಿಲಾ ಹಾಕಿ ಮರದ ಸೌಟಿನಲ್ಲಿ ಒಂದೇ ಸಮ ತಿರುವಿ. ಎಷ್ಟು ಆರಿರುತ್ತೋ ಹರಳು ಅಷ್ಟು ಸಣ್ಣ. ಮಿರುಗು ಮಾಸೋಕೆ ಶುರುವಾಗಿ, ಸೌಟಿನ ಗೆರೆ ಒಂದು ಕ್ಷಣ ನಿಂತರೆ ಅದೇ ಗಳಿಗೆ. ಎರಡು ಮೂರು ನಿಮಿಷದಲ್ಲಿ ಬಳಿದು ಮುಗಿಸಬೇಕು. ಆಗ ಫೋನ್ ಎತ್ತಬೇಡಿ.

ಬಿಗಿಯಾದರೆ ಒಂದು ಚಮಚ ಬಿಸಿ ಹಾಲು. ಮರಳೇ ಆದರೆ ಕಾಲು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ ಮತ್ತೆ ಅದೇ ಹದಕ್ಕೆ ತನ್ನಿ. ಎಸೆಯೋ ಅಗತ್ಯವಿಲ್ಲ.

ರೆಸಿಪಿ ಡಬ್ಬಿ:
111! ಅದೇ ಆಗಿರೋದು. ಧನ್ಯವಾದ. ಇನ್ನೊಂದು ಕಾರ್ಡ್ ಪೆಕಾನ್ (ಅಕ್ರೋಟಿನಂಥ ಕಾಯಿ) ಪೈ. ಅದಕ್ಕೆ ಕಾರ್ನ್ ಸಿರಪ್ ಬೇಕೇ ಬೇಕಾ?

ಒಲೆಮುಂದೆ:
ಬೇಕೇ ಬೇಕು ಅಂತಿಲ್ಲ. ಕೇರೋ ಅನ್ನೋ ಹೆಸರಿನ ಕಾರ್ನ್ ಸಿರಪ್ ಮಾರುಕಟ್ಟೆಗೆ ಬಂದದ್ದು 1902ರಲ್ಲಿ. ಈಗ ಎಲ್ಲರೂ ಮಾಡೋ ಸಿರಪ್ ಪೆಕಾನ್ ಪೈ ಮನೆಮಾತಾದದ್ದು ಅದಾದ ಮೇಲೆ. ಲೂಸಿಯಾನಾ ಕಡೆ ಕಬ್ಬಿನ ರಸ ಬತ್ತಿಸಿದ ಕೇನ್ ಸಿರಪ್ ಹಾಕೋರು ಈಗಲೂ ಇದ್ದಾರೆ. ಅದಕ್ಕೆ ನಮ್ಮಲ್ಲಿ ಅಣ್ಣತಮ್ಮ ಅಂದರೆ ಜೋನಿಬೆಲ್ಲ. ಎರಡೂ ಕಬ್ಬಿನ ರಸವೇ, ಜೋನಿಯದು ಇನ್ನೂ ಗಾಢ.

ಸಕ್ಕರೆ 200 ಗ್ರಾಂ, ಸಿರಪ್ 240 ಮಿಲಿ, ಮೊಟ್ಟೆ 3 (150 ಗ್ರಾಂ), ಬೆಣ್ಣೆ 30 ಗ್ರಾಂ, ವೆನಿಲಾ 1 ಟೀ ಚಮಚ, ಪೆಕಾನ್ 170 ಗ್ರಾಂ. 175 ಡಿಗ್ರಿ, 60ರಿಂದ 70 ನಿಮಿಷ, ನಡುಭಾಗ 93 ಡಿಗ್ರಿ. ಜೋನಿಯಾದರೆ 160 ಮಿಲಿ ಜೋನಿ, 80 ಮಿಲಿ ನೀರು ಬೆರೆಸಿ ಸೋಸಿ, ಸಕ್ಕರೆ 150 ಗ್ರಾಂಗೆ ಇಳಿಸಿ, ಉಪ್ಪು ಬೇಡ. ತಳದಲ್ಲಿ ಹರಳುಗಟ್ಟಿದ್ದರೆ ಬಿಸಿನೀರಲ್ಲಿ ಡಬ್ಬಿ ಇಟ್ಟು ಕರಗಿಸಿಕೊಳ್ಳಿ.

ಜಾಯಿಕಾಯಿ:
ರುಚಿ ಚೆನ್ನಾಗೇ ಇರುತ್ತೆ, ತಕರಾರಿಲ್ಲ. ಆದರೆ ಜೋನಿ ಹಾಕಿ, ಪೆಕಾನ್ ಬದಲು ಅಕ್ರೋಟು ಹಾಕಿ, ಅದನ್ನು ಪೆಕಾನ್ ಪೈ ಅಂತ ಕರೀಬೇಡಿ. ಅಕ್ರೋಟಿನ ಸಿಪ್ಪೆ ಒಗರು. 175 ಡಿಗ್ರಿಯಲ್ಲಿ 8 ನಿಮಿಷ ಹುರಿದು ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಕಳೆಯಿರಿ.

ಪೆಕಾನ್ ಅಲ್ಲಿನ ಸ್ವಂತ ಮಣ್ಣಿನ ಕಾಯಿ. ಅದು ತೋಟದ ಬೆಳೆಯಾದ ಕಥೆ ಹೇಳೋರು ಆಂಟ್ವಾನ್ ಹೆಸರು ಬಿಡಬಾರದು. ಲೂಸಿಯಾನಾದ ಓಕ್ ಆಲಿ ತೋಟದಲ್ಲಿ ಗುಲಾಮನಾಗಿದ್ದ ಮಾಲಿ. 1840ರ ದಶಕದಲ್ಲಿ ಪೆಕಾನ್ ಮರಗಳಿಗೆ ಕಸಿ ಕಟ್ಟಿ ಗೆದ್ದವನು. ಆ ತಳಿಗೆ ಆಮೇಲೆ 'ಸೆಂಟೆನಿಯಲ್' ಅಂತ ಹೆಸರಾಯ್ತು, ಅವನ ಹೆಸರಲ್ಲ.

ಗೆಣಸುಗಡ್ಡೆ:
ಆ ಮಾತು ಬಂದಿದ್ದಕ್ಕೆ ಗೆಣಸಿನ ಪೈಯನ್ನೂ ಸೇರಿಸ್ತೀನಿ. ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಕುಂಬಳದ ಪೈ ಅಲ್ಲ, ಇದೇ ಬೇಕು. ಗುಲಾಮಗಿರಿಯಿಂದ ಬಿಡುಗಡೆಯಾದ ಅಬಿ ಫಿಶರ್ 1881ರಲ್ಲಿ ಹೇಳಿ ಬರೆಸಿದ ಅಡುಗೆ ಪುಸ್ತಕದಲ್ಲೂ ಇದೆ.

ಅಲ್ಲಿನದು ಕಿತ್ತಳೆ ತಿರುಳಿನ ನೀರು ಗೆಣಸು. ನಮ್ಮ ಕೆಂಪು ಸಿಪ್ಪೆ, ಬಿಳಿ ತಿರುಳಿನದು ಒಣ, ಪಿಷ್ಟ ಜಾಸ್ತಿ, ಹಾಗಾಗಿ ಹಾಲು 60 ಮಿಲಿ ಹೆಚ್ಚು ಬೇಕು. ಬೇಯಿಸಬೇಡಿ, ಸಿಪ್ಪೆ ಸಮೇತ 200 ಡಿಗ್ರಿಯಲ್ಲಿ ಒಂದು ಗಂಟೆ ಸುಡಿ. ನೀರಲ್ಲಿ ಬೇಯಿಸಿದರೆ ಆ ನೀರೇ ಪೈಯಲ್ಲಿ ಒಸರುತ್ತೆ. ತಿರುಳು 450 ಗ್ರಾಂ, ಬೆಣ್ಣೆ 113, ಸಕ್ಕರೆ 200, ಬತ್ತಿಸಿದ ಹಾಲು 120 ಮಿಲಿ (ನಮ್ಮ ಗೆಣಸಿಗೆ 180), ಮೊಟ್ಟೆ 2, ಜಾಯಿಕಾಯಿ ಮತ್ತು ಚಕ್ಕೆ ಪುಡಿ ಅರ್ಧರ್ಧ ಟೀ ಚಮಚ. ಬೀಟರಿನಲ್ಲಿ ಕಡೆದರೆ ನಾರು ಅದರ ಕಡ್ಡಿಗೆ ಸುತ್ತಿಕೊಳ್ಳುತ್ತೆ, ಒರೆಸಿ ಮತ್ತೆ ಕಡೆಯಿರಿ. ಗೆಣಸಿನ ಹೋಳಿಗೆಗೆ ಹೂರಣ ಸೋಸೋರಿಗೆ ಇದೇನು ಹೊಸದಲ್ಲ. 175 ಡಿಗ್ರಿ, 55 ನಿಮಿಷ.

ಸಸ್ಯಾಹಾರಿ ಸಾಲು:
ಮೊಟ್ಟೆ ಇಲ್ಲದೆ ಇದರಲ್ಲಿ ಯಾವುದು ಆಗುತ್ತೆ? ಅಟ್ಲಾಂಟಾ, ರಾಲಿ ಕಡೆ ಇರೋರಿಗೆ ಪಾಟ್‌ಲಕ್‌ನಲ್ಲಿ (ಎಲ್ಲರೂ ಒಂದೊಂದು ಅಡುಗೆ ತರೋ ಊಟ) ಇದೇ ಪ್ರಶ್ನೆ.

ಮೈದಾಮಾತು:
ಚೆಸ್ ಪೈ, ಪೆಕಾನ್ ಪೈಗೆ ಕೈ ಹಾಕಬೇಡಿ. ಅಲ್ಲಿ ಮೊಟ್ಟೆ ತೆಗೆದರೆ ಉಳಿಯೋದು ಪಾಕ. ಮೊದಲಿಂದಲೂ ಮೊಟ್ಟೆಯಿಲ್ಲದ್ದನ್ನೇ ಮಾಡಿ: ಬಿಸ್ಕಿಟ್, ಶಾರ್ಟ್‌ಕೇಕ್, ಪೀಚ್ ಕಾಬ್ಲರ್, ಒಣಹಣ್ಣು ತುಂಬಿ ಕರಿದ ಫ್ರೈಡ್ ಪೈ. ಈ ಕೊನೆಯದು ನೋಡೋಕೆ ನಮ್ಮ ಕರ್ಜಿಕಾಯಿಯೇ.

ಕಾಬ್ಲರ್ ಅತಿ ಸುಲಭ. 113 ಗ್ರಾಂ ಬೆಣ್ಣೆಯನ್ನು ಬೇಯಿಸೋ ಪಾತ್ರೆಯಲ್ಲೇ ಕರಗಿಸಿ. ಸೆಲ್ಫ್ ರೈಸಿಂಗ್ ಹಿಟ್ಟು 1 ಕಪ್, ಸಕ್ಕರೆ 1 ಕಪ್, ಹಾಲು 1 ಕಪ್ ಕಲಸಿ ಬೆಣ್ಣೆಯ ಮೇಲೆ ಸುರಿಯಿರಿ. ಕದಡಬೇಡಿ. ಅದರ ಮೇಲೆ ಸಕ್ಕರೆಯಲ್ಲಿ ನೆನೆದ ಪೀಚ್ ಹೋಳು 500 ಗ್ರಾಂ, ರಸ ಸಮೇತ. ಕದಡಬೇಡಿ ಅಂತ ಮತ್ತೆ ಹೇಳ್ತೀನಿ. ಹಣ್ಣು ಮುಳುಗಿ ಹಿಟ್ಟು ಮೇಲೆದ್ದು ಅಂಚು ಬೆಣ್ಣೆಯಲ್ಲಿ ಕರಿದಂತಾಗಬೇಕು. 175 ಡಿಗ್ರಿ, 50 ನಿಮಿಷ. ಊರಲ್ಲಿ ಪೀಚ್ ಸಿಗದಿದ್ದರೆ ಗಟ್ಟಿ ಬಾದಾಮಿ ಮಾವಿಗೆ ಅರ್ಧ ನಿಂಬೆ ಹಿಂಡಿ.

ಇನ್ನೊಂದು ಎಚ್ಚರ: ಹಳೇ ಕಾರ್ಡಿನ 'ಶಾರ್ಟನಿಂಗ್' ಹಂದಿ ಕೊಬ್ಬಾಗಿರಬಹುದು. ಅಂಗಡಿಯ ಸಿದ್ಧ ಪೈ ಹಾಳೆಯಲ್ಲೂ 'ಲಾರ್ಡ್', ಅಂದರೆ ಅದೇ ಹಂದಿ ಕೊಬ್ಬು, ಇರಬಹುದು, ಮಾರ್ಷ್‌ಮೆಲೋದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತೆ. ಪಾಟ್‌ಲಕ್‌ಗೆ ಒಯ್ಯೋ ಮುಂಚೆ ಪಟ್ಟಿ ಓದಿ.

ಅಡುಗೆ ಸೋಡಾ:
ಪೈ ತಳ ಮಾತ್ರ ಯಾವಾಗಲೂ ಹಸಿ ಉಳಿಯುತ್ತೆ, ಮೇಲೆ ಸರಿ.

ಜಾಯಿಕಾಯಿ:
ಹಾಳೆ: ಮೈದಾ 150 ಗ್ರಾಂ, ತಣ್ಣನೆ ಬೆಣ್ಣೆ 113 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಐಸ್ ನೀರು 3–4 ಟೇಬಲ್ ಚಮಚ. ಕಲಸಿ ಒಂದು ಗಂಟೆ ಫ್ರಿಜ್‌ನಲ್ಲಿ, ಲಟ್ಟಿಸಿ ತಟ್ಟೆಗೆ ಹೊಂದಿಸಿ ಮತ್ತೆ ಅರ್ಧ ಗಂಟೆ. ಮೇಲೆ ಬೇಕಿಂಗ್ ಪೇಪರ್ ಹಾಸಿ ಅಂಚಿನ ತನಕ ಕಡಲೆಕಾಳು ತುಂಬಿ 200 ಡಿಗ್ರಿಯಲ್ಲಿ 20 ನಿಮಿಷ, ಕಾಳು ತೆಗೆದು 5 ನಿಮಿಷ. ಕಾಳು ಕಡಿಮೆಯಾದರೆ ಅಂಚು ಜಾರಿ ಕೆಳಗೆ ಬರುತ್ತೆ. ಹೂರಣ ಸುರಿದ ಮೇಲೆ ತಟ್ಟೆ ಓಟಿಜಿಯ ಕೆಳಗಿನ ಸಾಲಲ್ಲಿ, ಮೊದಲೇ ಕಾದ ಕಬ್ಬಿಣದ ತಟ್ಟೆಯ ಮೇಲೆ. ಗಾಜಿನ ಪೈ ತಟ್ಟೆಯಾದರೆ ಮಾತ್ರ ಕಾದ ಕಬ್ಬಿಣದ ಮೇಲೆ ಇಡಬೇಡಿ, ಒಡೆಯುತ್ತೆ.

ರೆಸಿಪಿ ಡಬ್ಬಿ:
ಅಲ್ಯೂಮಿನಿಯಂ ತಟ್ಟೆ ಇದೆ. ಭಾನುವಾರ ಮೊದಲು ಬಟರ್‌ಮಿಲ್ಕ್ ಪೈ, ಆಮೇಲೆ ಚೆಸ್. ಕಾಳನ್ನು ಆಮೇಲೆ ಹುಸ್ಲಿ ಮಾಡಬಹುದಾ?

ಜಾಯಿಕಾಯಿ:
ಬೇಯಲ್ಲ. ಡಬ್ಬಿಗೆ ಹಾಕಿ 'ಪೈ ಕಾಳು' ಅಂತ ಚೀಟಿ ಅಂಟಿಸಿಡಿ.